ಬಾಗಿಲ ಮೇಲಿನ ‘ಪರಿಧಾವಿ’: ಬಸವನಗುಡಿಯ ಹಳೆಯ ಮನೆಯೊಂದರ ಮಾಲೀಕರನ್ನು ಹುಡುಕುವ ಬಗೆ

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯಲ್ಲಿರುವ ನಮ್ಮ ಮನೆಯನ್ನು ನಮ್ಮ ತಾತನವರು 1958ರಲ್ಲಿ ಒಬ್ಬ ವಿಧವೆ ಮತ್ತು ಅವರ ಇಬ್ಬರು ಗಂಡುಮಕ್ಕಳಿಂದ ಕೊಂಡರು. ಮುಂಬಾಗಿಲ ಮೇಲೆ ಗಾರೆಯಲ್ಲಿ ‘ಪರಿಧಾವಿ ಸಂ||’ ಎಂದು ಬರೆದಿದೆ, ಇಸವಿ ಇಲ್ಲ. ಹಿತ್ತಲ ಕಡೆಯ ಮಾಡಿನ ಹೆಂಚುಗಳ ಮೇಲೆ 1865 ಎಂದಿರುವುದರಿಂದ ಮನೆ ಇನ್ನೂ ಹಳೆಯದೆಂದು ನನ್ನ ತಮ್ಮನ ವಾದ. ಇದು ದಿವಾನರೊಬ್ಬರು ಕಟ್ಟಿಸಿದ ಮನೆ ಎಂದು ಬೀದಿಯ ಹಿರಿಯರು ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಋಣಭಾರ ಪತ್ರ ತೆಗೆಸಿದರೆ ಯಾವ ವ್ಯವಹಾರವೂ ಇಲ್ಲವೆಂದು ಬಂತು. ಖಾತೆ ಈಗಲೂ ತಾತನ ಹೆಸರಿನಲ್ಲೇ ಇದೆ. ಮನೆ ಕಟ್ಟಿಸಿದವರು ಯಾರು, ನಡುವೆ ಅದು ಯಾರ ಯಾರ ಕೈಯಲ್ಲಿತ್ತು ಎಂಬುದನ್ನು ತಿಳಿಯುವುದು ಹೇಗೆ? ಗೇಟಿನ ಬಳಿ ಒಂದು ಫಲಕ ಹಾಕಿಸಬೇಕೆಂಬ ಆಸೆಯಿದೆ.

ಉತ್ತರ: ನೀವು ಕಳಿಸಿರುವ 1958ರ ಕ್ರಯಪತ್ರದ ನಕಲನ್ನೂ ಖಾತೆಯ ಪ್ರತಿಯನ್ನೂ ಛಾಯಾಚಿತ್ರಗಳನ್ನೂ ನೋಡಿದೆ. ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ನಿವೇಶನದ ಚರಿತ್ರೆ, ಕಟ್ಟಡದ ಚರಿತ್ರೆ, ಒಡೆತನದ ಚರಿತ್ರೆ ಎಂಬ ಮೂರು ಸೇರಿಕೊಂಡಿವೆ. ನಿವೇಶನ ಮಂಜೂರಾದ ವರ್ಷದಲ್ಲೇ ಮನೆ ಎದ್ದಿರಬೇಕೆಂದಿಲ್ಲ. ಕಟ್ಟಿಸಿದವರೇ ಅದರಲ್ಲಿ ಬಾಳಿರಬೇಕೆಂದಿಲ್ಲ. ಬಾಳಿದವರು ಮಾಲೀಕರೇ ಆಗಿರಬೇಕೆಂದೂ ಇಲ್ಲ. ಹಳೆಯ ಮನೆಗಳ ಸುತ್ತ ಹಬ್ಬಿರುವ ಕಥೆಗಳಲ್ಲಿ ಬಹುಪಾಲು ಈ ಮೂರನ್ನು ಬೆರೆಸಿಕೊಂಡದ್ದರಿಂದ ಹುಟ್ಟಿದವು. ಆದ್ದರಿಂದ ಇವನ್ನು ಬೇರೆಬೇರೆಯಾಗಿ ವಿಚಾರಿಸಬೇಕು, ಅದರಲ್ಲೂ ಒಡೆತನವನ್ನು ಇಂದಿನಿಂದ ಹಿಂದಕ್ಕೆ ಹೋಗುತ್ತಾ ಹುಡುಕಬೇಕು. ದಿವಾನರಿಂದ ಆರಂಭಿಸಿ ಮುಂದಕ್ಕೆ ಬರಲು ಹೊರಟರೆ ಬೇಕಾದ ಉತ್ತರವೇ ಸಿಗುತ್ತದೆ, ನಿಜವಾದ ಉತ್ತರ ಸಿಗುವುದಿಲ್ಲ.

ಮೊದಲು ಬಾಗಿಲ ಮೇಲಿನ ಬರಹ. ಅರವತ್ತು ಸಂವತ್ಸರಗಳ ಲೆಕ್ಕದಲ್ಲಿ ಪರಿಧಾವಿ 1912ರ ಯುಗಾದಿಯಿಂದ 1913ರ ಯುಗಾದಿಯವರೆಗೆ ಒಮ್ಮೆ, 1972–73ರಲ್ಲಿ ಇನ್ನೊಮ್ಮೆ ಬಂದಿದೆ. ಅದಕ್ಕೂ ಹಿಂದಿನದು 1852–53. ಇವುಗಳಲ್ಲಿ 1852ನ್ನು ಮೊದಲೇ ಕೈಬಿಡಬಹುದು. ಬಸವನಗುಡಿ ಬಡಾವಣೆಯ ರೂಪರೇಷೆ ಸಿದ್ಧವಾದದ್ದು 1890ರ ದಶಕದಲ್ಲಿ. ಅದಕ್ಕೆ ಮುಂಚೆ ಈ ಭಾಗ ಸುಂಕೇನಹಳ್ಳಿ, ಮಾವಳ್ಳಿ, ಗವಿಪುರ ಮೊದಲಾದ ಹಳ್ಳಿಗಳ ಹೊಲಗಳಾಗಿತ್ತು. 1898ರಲ್ಲಿ ಪೇಟೆಗೆ ಪ್ಲೇಗು ಬಂದು ಇಕ್ಕಟ್ಟಾದ ಓಣಿಗಳಲ್ಲಿ ಸಾವುನೋವು ಹೆಚ್ಚಿದ ಮೇಲೆ, ಅನುಕೂಲವಿದ್ದವರು ಬಸವನಗುಡಿ ಮತ್ತು ಮಲ್ಲೇಶ್ವರದ ಅಗಲ ರಸ್ತೆಗಳ ಕಡೆ ಮುಖ ಮಾಡಿದರು. ಇನ್ನು 1972ನ್ನೂ ಬಿಡಬಹುದು, ಏಕೆಂದರೆ 1958ರ ನಿಮ್ಮ ಕ್ರಯಪತ್ರದಲ್ಲೇ ಮನೆಯ ವಿವರಣೆ ಇದೆ, ಮತ್ತು ಅಲ್ಲಿ ಹೇಳಿರುವ ಮುಂಭಾಗದ ಜಗುಲಿ, ನಡುಮನೆ, ಎರಡು ಕೋಣೆ, ಹಿತ್ತಲ ಕಡೆಯ ಹೆಂಚಿನ ಅಡುಗೆಮನೆ ಇವತ್ತಿನ ನೆಲ ಅಂತಸ್ತಿಗೆ ಸರಿಹೊಂದುತ್ತವೆ. ಹೀಗಾಗಿ ಬರಹ ಸೂಚಿಸುವುದು 1912–13ನ್ನು. ಆದರೆ ಅದು ಅಡಿಪಾಯದ ವರ್ಷವಲ್ಲ, ಸಾಮಾನ್ಯವಾಗಿ ಗೃಹಪ್ರವೇಶದ ವರ್ಷ. ಕೆಲಸ ಒಂದೆರಡು ವರ್ಷ ಮುಂಚೆಯೇ ಶುರುವಾಗಿರಬಹುದು. ಕೆಲವೊಮ್ಮೆ ಜೀರ್ಣೋದ್ಧಾರದ ನಂತರ ಹೊಸ ಮಾಲೀಕರು ತಮ್ಮ ಸಂವತ್ಸರವನ್ನು ಬರೆಸಿರುವುದೂ ಉಂಟು. ಅಕ್ಷರಗಳು ಮೂಲ ಗಾರೆಯ ಜೊತೆಗೇ ಎರಕಗೊಂಡಿವೆಯೇ ಅಥವಾ ಆಮೇಲೆ ಅಂಟಿಸಿದವೇ ಎಂಬುದನ್ನು ಅಂಚಿನಲ್ಲಿ ಸುಣ್ಣದ ಪದರಗಳನ್ನು ಒಂದಿಷ್ಟು ಕೆರೆದು ನೋಡಿದರೆ ಹೇಳಬಹುದು. ಅಕ್ಷರದ ಮೇಲೂ ಗೋಡೆಯ ಮೇಲೂ ಒಂದೇ ಸಂಖ್ಯೆಯ ಪದರಗಳಿದ್ದರೆ ಎರಡೂ ಒಂದೇ ಕಾಲದವು.

ನಿಮ್ಮ ತಮ್ಮನವರ ಹೆಂಚಿನ ವಾದಕ್ಕೆ ಉತ್ತರ ಸುಲಭ. 1865 ಎಂಬುದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ತೆರೆದದ್ದು ಆ ವರ್ಷ, ಅದನ್ನೇ ಅವರು ಮುಂದಿನ ದಶಕಗಳಲ್ಲೂ ಅಚ್ಚಿನಲ್ಲಿ ಒತ್ತುತ್ತಾ ಬಂದರು; ಮಂಗಳೂರಿನ ಇತರ ಕಾರ್ಖಾನೆಗಳವರೂ ಇದೇ ಪದ್ಧತಿ ಅನುಸರಿಸಿದರು. ಹೆಂಚಿನಿಂದ ಕಾಲ ಹೇಳಬೇಕಾದರೆ ವರ್ಷಕ್ಕಿಂತ ಹೆಸರನ್ನು ನೋಡಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ನಂಟಿನ ಕಾರಣಕ್ಕೆ ಬಾಸೆಲ್ ಮಿಷನ್ನಿನ ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋಗಿ, ಯುದ್ಧ ಮುಗಿದ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಆದ್ದರಿಂದ ಬಾಸೆಲ್ ಮಿಷನ್ ಎಂಬ ಅಚ್ಚಿರುವ ಹೆಂಚು ಸುಮಾರಾಗಿ ಯುದ್ಧಕ್ಕೆ ಮುಂಚಿನದು, ಕಾಮನ್‌ವೆಲ್ತ್ ಎಂದಿದ್ದರೆ ನಂತರದ್ದು. ನಿಮ್ಮ ಚಿತ್ರದಲ್ಲಿ ಎರಡೂ ಬಗೆಯವು ಬೆರೆತಿವೆ. ಒಡೆದ ಹೆಂಚುಗಳನ್ನು ಮಳೆಗಾಲಕ್ಕೆ ಮುಂಚೆ ಬದಲಿಸುತ್ತಾ ಬಂದ ಯಾವ ಮನೆಯಲ್ಲಾದರೂ ಹೀಗೇ ಇರುತ್ತದೆ. ಹೆಂಚು ಒಂದು ಮನೆಯಿಂದ ಕಳಚಿ ಇನ್ನೊಂದಕ್ಕೆ ಹೋಗುವ ಸಾಮಾನು ಎಂಬುದನ್ನೂ ನೆನಪಿಡಬೇಕು.

ಹೆಂಚಿಗಿಂತ ನಂಬಿಕೆಗೆ ಅರ್ಹವಾದದ್ದು ನಡುಮನೆಯ ಸೂರು. ಚಿತ್ರದಲ್ಲಿ ಮರದ ತೊಲೆಗಳ ಮೇಲೆ ಚಿಕ್ಕ ಇಟ್ಟಿಗೆಗಳನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿರುವುದು ಕಾಣುತ್ತದೆ. ಇದು ಮದ್ರಾಸ್ ತಾರಸಿ. ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚನ್ನು ಹಾಕಿ, ದಿನಗಟ್ಟಲೆ ಸಾಲಾಗಿ ಕುಳಿತು ಮರದ ಸಲಕರಣೆಯಿಂದ ಬಡಿದು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸಿ ಗಟ್ಟಿ ಮಾಡುತ್ತಿದ್ದ ಸೂರು. ಬೆಂಗಳೂರಿನಲ್ಲಿ ಸಿಮೆಂಟ್ ಕಾಂಕ್ರೀಟಿನ ಸೂರು ಮಾಮೂಲಾಗುವುದಕ್ಕೆ ಮುಂಚಿನ ಕೆಲಸವಿದು, 1912ಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ರಸ್ತೆ ಕಡೆಗೆ ದುಂಡಾಗಿ ಚಾಚಿಕೊಂಡಿರುವ ಮಹಡಿಯ ಬಾಲ್ಕನಿ ಆ ಕಾಲದ್ದಲ್ಲ. ಆ ದುಂಡು ಮೂಲೆ, ಅಡ್ಡ ಪಟ್ಟೆಗಳು, ಕಾಂಕ್ರೀಟಿನ ಸಜ್ಜಾ ಎಲ್ಲವೂ 1930ರ ದಶಕದಿಂದ 50ರ ದಶಕದವರೆಗಿನ ಶೈಲಿ. ಕೆಳಗಿನ ಕಿಟಕಿಗಳಿಗೆ ಮಾತ್ರ ಮಂಕಿ ಟಾಪ್ (ಕಿಟಕಿಯ ಮೇಲೆ ಚಾಚುವ, ಚೂಪು ತುದಿಯ ಮರದ ಮಾಡು) ಇದೆ, ಮಹಡಿಗೆ ಇಲ್ಲ. ಅಂದರೆ ನಿಮ್ಮದು ಎರಡು ಕಂತಿನಲ್ಲಿ ಎದ್ದ ಮನೆ, ಪ್ರಾಯಶಃ ಇಬ್ಬರು ಮಾಲೀಕರ ಕೈಕೆಲಸ. ‘ಕಟ್ಟಿಸಿದವರು ಯಾರು’ ಎಂಬ ನಿಮ್ಮ ಪ್ರಶ್ನೆಗೆ ಎರಡು ಹೆಸರುಗಳು ಬರುವ ಸಂಭವವಿದೆ.

ಇನ್ನು ಕಾಗದಪತ್ರಗಳ ವಿಚಾರ. ಆನ್‌ಲೈನ್‌ನಲ್ಲಿ ಏನೂ ಬರಲಿಲ್ಲವೆಂದು ನಿರಾಶರಾಗಬೇಕಿಲ್ಲ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚೆಗಿನ ನೋಂದಣಿಗಳಿಗೆ ಸಂಬಂಧಿಸಿದ್ದು. ಆ ನಂತರ ನಿಮ್ಮ ಮನೆಯ ಮೇಲೆ ನೋಂದಾಯಿತ ವ್ಯವಹಾರ ನಡೆದಿಲ್ಲವಾದ್ದರಿಂದ ನಮೂನೆ 16, ಅಂದರೆ ‘ಇಲ್ಲ’ ಎಂಬ ಪತ್ರ ಬಂದಿದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೈಬರಹದ ಸೂಚಿಗಳ ಶೋಧನೆಗೆ ಅರ್ಜಿ ಕೊಡಬೇಕು, ಶೋಧನೆಯ ಶುಲ್ಕವನ್ನು ವರ್ಷಗಳ ಲೆಕ್ಕದಲ್ಲಿ ಕಟ್ಟಬೇಕು. ನಗರ ಬೆಳೆದಂತೆ ಕಚೇರಿಗಳು ಒಡೆದು ಹೊಸವು ಹುಟ್ಟಿರುವುದರಿಂದ, ಇವತ್ತು ನಿಮ್ಮ ರಸ್ತೆ ಯಾವ ಕಚೇರಿಗೆ ಸೇರಿದೆ ಎಂಬುದರ ಜೊತೆಗೆ, 1958ರ ಪತ್ರದ ಹಿಂಬದಿಯ ಮೊಹರಿನಲ್ಲಿ ಯಾವ ಕಚೇರಿಯ ಹೆಸರಿದೆ ಎಂಬುದನ್ನೂ ನೋಡಿ. ಅದೇ ಮೊಹರಿನಲ್ಲಿ ಪುಸ್ತಕ 1, ಸಂಪುಟ, ಪುಟ, ದಸ್ತಾವೇಜು ಸಂಖ್ಯೆ ಇರುತ್ತವೆ. ನಿಮ್ಮ ಹುಡುಕಾಟದ ಬೀಗದ ಕೈ ಅದು.

ಈ ಪುಸ್ತಕಗಳ ವ್ಯವಸ್ಥೆಯನ್ನು ಸ್ವಲ್ಪ ತಿಳಿದುಕೊಂಡರೆ ಕಚೇರಿಯಲ್ಲಿ ಏನು ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿಯ ಕ್ರಯ, ಭೋಗ್ಯ, ಆಧಾರ (ಅಡಮಾನ), ದಾನ, ವಿಭಾಗ ಪತ್ರಗಳು 1ನೇ ಪುಸ್ತಕದಲ್ಲಿ ನಕಲಾಗುತ್ತವೆ; ಉಯಿಲುಗಳು 3ನೇ ಪುಸ್ತಕದಲ್ಲಿ. 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ಪರಿಶೀಲಿಸಿ ದೃಢೀಕೃತ ನಕಲು ಪಡೆಯಬಹುದು, ಮಾಲೀಕರೇ ಆಗಿರಬೇಕಿಲ್ಲ. ಉಯಿಲಿನ ನಕಲು ಮಾತ್ರ ಬರೆದವರು ಬದುಕಿರುವಷ್ಟು ದಿನ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಸಿಗುತ್ತದೆ, ಅವರು ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಸೂಚಿಗಳಲ್ಲಿ ಒಂದು ವ್ಯಕ್ತಿಗಳ ಹೆಸರಿನಂತೆ, ಇನ್ನೊಂದು ಸ್ವತ್ತಿನಂತೆ ಇರುತ್ತದೆ. ಶೋಧನೆ ಮಾಡುವವರು ಸಾಮಾನ್ಯವಾಗಿ ಸ್ವತ್ತಿನ ಸೂಚಿಯನ್ನಷ್ಟೇ ನೋಡಿ ‘ಸಿಗಲಿಲ್ಲ’ ಎಂದುಬಿಡುತ್ತಾರೆ. ಹಳೆಯ ಬಡಾವಣೆಗಳಲ್ಲಿ ಅದು ಸಿಗದಿರುವುದೇ ಹೆಚ್ಚು, ಏಕೆಂದರೆ ಮನೆಯ ನಂಬರು ಮೂರು ನಾಲ್ಕು ಸಲ ಬದಲಾಗಿರುತ್ತದೆ. ನೀವು ಹೆಸರಿನ ಸೂಚಿಯನ್ನೂ ನೋಡಬೇಕೆಂದು ಅರ್ಜಿಯಲ್ಲೇ ಬರೆಯಿರಿ.

ನಂಬರಿನ ವಿಷಯದಲ್ಲಿ ಒಂದು ಮಾತು. ನಿಮ್ಮ ಖಾತೆಯಲ್ಲಿ ‘ಹಳೆಯ ನಂ.’ ಮತ್ತು ‘ಹೊಸ ನಂ.’ ಎಂದು ಎರಡಿವೆ. 1958ರ ಪತ್ರದಲ್ಲಿ ಇವೆರಡೂ ಅಲ್ಲದ ಮೂರನೆಯದೊಂದಿದೆ. ಮೂಲ ನಿವೇಶನ ಸಂಖ್ಯೆ, ಸಿಟಿ ಮುನಿಸಿಪಾಲಿಟಿಯ ಮನೆ ಸಂಖ್ಯೆ, 1949ರಲ್ಲಿ ಸಿಟಿ ಮತ್ತು ದಂಡಿನ (ಕಂಟೋನ್ಮೆಂಟಿನ) ಮುನಿಸಿಪಾಲಿಟಿಗಳು ಒಂದಾಗಿ ಕಾರ್ಪೊರೇಷನ್ ಆದ ಮೇಲಿನ ಸಂಖ್ಯೆ, ಆಮೇಲೆ ಪಿ.ಐ.ಡಿ. (ಸ್ವತ್ತಿನ ಗುರುತಿನ ಸಂಖ್ಯೆ) ಎಂದು ಇವು ಒಂದರ ಮೇಲೊಂದು ಬಂದಿವೆ. ರಸ್ತೆಗಳ ಹೆಸರೂ ಹಾಗೆಯೇ: ಇಂದಿನ ಡಿ.ವಿ.ಜಿ. ರಸ್ತೆಯನ್ನು ಹಳೆಯ ಕಾಗದಗಳಲ್ಲಿ ನಾಗಸಂದ್ರ ರಸ್ತೆ ಎಂದು ಹುಡುಕಬೇಕು, ದಂಡು ಪ್ರದೇಶದಲ್ಲಿ ಮಹಾತ್ಮ ಗಾಂಧಿ ರಸ್ತೆಯನ್ನು ಸೌತ್ ಪೆರೇಡ್ ಎಂದು ಹುಡುಕಬೇಕು.

ಹಾಗಿದ್ದರೆ ಬದಲಾಗದೆ ಉಳಿಯುವುದು ಯಾವುದು? ಚಕ್ಕುಬಂದಿ, ಅಂದರೆ ಸ್ವತ್ತಿನ ನಾಲ್ಕು ದಿಕ್ಕಿನ ಎಲ್ಲೆ. ನಿಮ್ಮ ಕ್ರಯಪತ್ರದ ಷೆಡ್ಯೂಲಿನಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಓಣಿ, ಉತ್ತರಕ್ಕೆ ಒಬ್ಬ ವಕೀಲರ ಮನೆ, ದಕ್ಷಿಣಕ್ಕೆ ಖಾಲಿ ನಿವೇಶನ ಎಂದಿದೆ. ಪೂರ್ವ ಪಶ್ಚಿಮ ಇಷ್ಟು ಅಡಿ, ಉತ್ತರ ದಕ್ಷಿಣ ಇಷ್ಟು ಅಡಿ ಎಂಬ ಅಳತೆಯೂ ಇದೆ. ಯಾವುದೇ ಹಳೆಯ ಪತ್ರ ನಿಮ್ಮ ಮನೆಯದೇ ಎಂದು ಒಪ್ಪುವುದಕ್ಕೆ ಮುಂಚೆ ಈ ಅಳತೆಯನ್ನೂ ರಸ್ತೆ ಮತ್ತು ಓಣಿಯ ದಿಕ್ಕುಗಳನ್ನೂ ಹೋಲಿಸಿ. ಕನ್ಸರ್ವೆನ್ಸಿ ಓಣಿ ಬಸವನಗುಡಿ, ಮಲ್ಲೇಶ್ವರಗಳ ಮೂಲ ನಕ್ಷೆಯ ಗುರುತು. ಒಳಚರಂಡಿ ಬರುವ ಮುಂಚೆ ಮನೆಗಳ ಹಿಂದಿನಿಂದ ಮಲ ಹೊರಿಸಿ ಸಾಗಿಸಲು ಬಿಟ್ಟಿದ್ದ ದಾರಿ ಅದು. ಆ ಕೆಲಸಕ್ಕೆ ಯಾರನ್ನು ನೂಕಿದ್ದರೆಂಬುದು ಎಲ್ಲರಿಗೂ ಗೊತ್ತಿರುವ ವಿಚಾರ, ಮನೆಗಳ ಚರಿತ್ರೆ ಬರೆಯುವವರು ಮಾತ್ರ ಅದನ್ನು ಹೇಳದೆ ಬಿಡುತ್ತಾರೆ. ಈಗ ಹಲವು ಕಡೆ ಆ ಓಣಿಗಳು ಅಕ್ಕಪಕ್ಕದ ಮನೆಗಳೊಳಗೆ ಸೇರಿಹೋಗಿವೆ. ನಿಮ್ಮ ಹಿತ್ತಲ ಗೋಡೆ ಪತ್ರದ ಅಳತೆಗಿಂತ ಹಿಂದಕ್ಕೆ ಹೋಗಿದ್ದರೆ ಕಾರಣ ಅದೇ ಇರಬಹುದು.

ಚಕ್ಕುಬಂದಿಯಿಂದ ಇನ್ನೊಂದು ಪ್ರಯೋಜನವಿದೆ, ಬಹಳ ಜನ ಅದನ್ನು ಬಳಸಿಕೊಳ್ಳುವುದಿಲ್ಲ. ನಿಮ್ಮ ಪತ್ರದಲ್ಲಿ ನೆರೆಯವರ ಹೆಸರು ಇರುವಂತೆ ನೆರೆಯವರ ಪತ್ರದಲ್ಲಿ ನಿಮ್ಮ ಮನೆಯ ಅಂದಿನ ಮಾಲೀಕರ ಹೆಸರು ಇರುತ್ತದೆ. ನಿಮ್ಮ ದಾಖಲೆಗಳ ಸರಣಿಯಲ್ಲಿ ಎಲ್ಲಾದರೂ ಕೊಂಡಿ ತಪ್ಪಿದರೆ ಉತ್ತರದ ಮನೆಯವರ ಮತ್ತು ದಕ್ಷಿಣದ ನಿವೇಶನದವರ ಹಳೆಯ ಕ್ರಯಪತ್ರಗಳನ್ನು ಓದಲು ಕೇಳಿ. 1920ರ ಒಂದು ಪತ್ರ ‘ದಕ್ಷಿಣಕ್ಕೆ ಇಂಥವರ ಮನೆ’ ಎಂದರೆ ಆ ವರ್ಷದ ನಿಮ್ಮ ಮಾಲೀಕರು ಸಿಕ್ಕಂತೆ. ಅದಕ್ಕೂ ಹಿಂದಿನ ಪತ್ರ ‘ದಕ್ಷಿಣಕ್ಕೆ ಇಂಥವರ ಖಾಲಿ ನಿವೇಶನ’ ಎಂದರೆ ನಿಮ್ಮ ಮನೆ ಇನ್ನೂ ಎದ್ದಿರಲಿಲ್ಲವೆಂದು ಗೊತ್ತಾಗುತ್ತದೆ. ಕಟ್ಟಡದ ವರ್ಷವನ್ನು ಎರಡು ಪತ್ರಗಳ ನಡುವೆ ಹೀಗೆ ಹಿಡಿದು ನಿಲ್ಲಿಸುವುದು ಸಂವತ್ಸರದ ಬರಹಕ್ಕಿಂತ ಗಟ್ಟಿಯಾದ ಸಾಕ್ಷ್ಯ. ಕಂದಾಯದ ದಾಖಲೆಯೂ ಇದೇ ರೀತಿ ಕೆಲಸಕ್ಕೆ ಬರುತ್ತದೆ: ಕಂದಾಯ ಒಂದು ವರ್ಷ ಇದ್ದಕ್ಕಿದ್ದಂತೆ ಏರಿದ್ದರೆ ಆಗ ಮಹಡಿ ಎದ್ದಿತೇ ಎಂದು ವಿಚಾರಿಸಬಹುದು.

ಈಗ ನಿಮ್ಮ 1958ರ ಪತ್ರದ ಎರಡನೆಯ ಪುಟಕ್ಕೆ ಬರುತ್ತೇನೆ. ಹೆಚ್ಚಿನವರು ಮೊದಲ ಪುಟದ ಹೆಸರು ಮತ್ತು ಕೊನೆಯ ಪುಟದ ಷೆಡ್ಯೂಲು ಓದಿ, ನಡುವಿನ ‘ನಿಧಿ ನಿಕ್ಷೇಪ ಜಲ ತರು ಪಾಷಾಣ’ಗಳ ಭಾಗ ಮಾಮೂಲು ಒಕ್ಕಣೆಯೆಂದು ದಾಟಿಬಿಡುತ್ತಾರೆ. ಆ ಒಕ್ಕಣೆಗೆ ಸ್ವಲ್ಪ ಮುಂಚೆ, ಮಾರುವವರಿಗೆ ಸ್ವತ್ತು ಹೇಗೆ ಬಂತು ಎಂಬ ನಾಲ್ಕು ಸಾಲು ಇರುತ್ತದೆ. ನಿಮ್ಮದರಲ್ಲಿ, ಆ ವಿಧವೆಯ ಯಜಮಾನರು 1934ರಲ್ಲಿ ಕೋರ್ಟು ಹರಾಜಿನಲ್ಲಿ ಇದನ್ನು ಕೊಂಡರು ಎಂದಿದೆ. ಇದು ಬಹಳ ದೊಡ್ಡ ಸುಳಿವು. ಕೋರ್ಟಿನ ಮೂಲ ಕಡತ ಇಷ್ಟು ವರ್ಷದ ಮೇಲೆ ಉಳಿದಿರುವುದು ಕಷ್ಟ, ಆದರೆ ಸ್ಥಿರಾಸ್ತಿ ಹರಾಜಾದಾಗ ಕೋರ್ಟು ತಾನು ಕೊಟ್ಟ ಕ್ರಯ ಪ್ರಮಾಣಪತ್ರದ ಪ್ರತಿಯನ್ನು ನೋಂದಣಿ ಕಚೇರಿಗೆ ಕಳಿಸುವ, ಅದನ್ನು 1ನೇ ಪುಸ್ತಕದಲ್ಲಿ ಸೇರಿಸುವ ಕ್ರಮವಿದೆ. ಆ ಪ್ರತಿ ಸಿಕ್ಕರೆ ಅದರಲ್ಲಿ ದಾವೆಯ ಸಂಖ್ಯೆ, ಡಿಕ್ರಿ ಪಡೆದ, ಅಂದರೆ ಸಾಲ ಕೊಟ್ಟವರ ಹೆಸರು, ಮನೆ ಕಳೆದುಕೊಂಡವರ ಹೆಸರು ಎಲ್ಲ ಇರುತ್ತವೆ. ಮನೆ ಕಳೆದುಕೊಂಡವರೇ ಅದನ್ನು ಕಟ್ಟಿಸಿದವರು ಅಥವಾ ಅವರ ಮಕ್ಕಳು ಆಗಿರುವ ಸಂಭವ ಹೆಚ್ಚು, ಏಕೆಂದರೆ 1912ಕ್ಕೂ 1934ಕ್ಕೂ ನಡುವೆ ಇರುವುದು ಒಂದೇ ತಲೆಮಾರು. ಆ ಹೆಸರನ್ನು ಹಿಡಿದು ಹೆಸರಿನ ಸೂಚಿಯಲ್ಲಿ ಹಿಂದಕ್ಕೆ ಹೋದರೆ ಅವರು ಬರೆದುಕೊಟ್ಟ ಆಧಾರಪತ್ರವೂ ಅದರೊಳಗೆ ನಿವೇಶನ ಬಂದ ಬಗೆಯೂ ಸಿಗಬಹುದು. ಸಾಲದ ಪತ್ರಗಳನ್ನು ತಾತ್ಸಾರ ಮಾಡಬೇಡಿ. ಮನೆ ಮಾರುವಾಗ ಬರೆಯದಷ್ಟು ವಿವರವನ್ನು ಜನ ಮನೆ ಅಡವಿಡುವಾಗ ಬರೆಯುತ್ತಾರೆ, ಸಾಲ ಕೊಡುವವರು ಬರೆಸಿಕೊಳ್ಳುತ್ತಾರೆ.

1958ರಲ್ಲಿ ಸಹಿ ಹಾಕಿದವರ ಪಟ್ಟಿಯಿಂದಲೂ ಕೆಲವು ವಿಷಯ ಊಹಿಸಬಹುದು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದು, ಅವಿಭಕ್ತ ಕುಟುಂಬದ ವಿಭಾಗದ ಕಾಲದಲ್ಲಿ ತಾಯಿ, ವಿಧವೆ, ಅವಿವಾಹಿತ ಹೆಣ್ಣುಮಕ್ಕಳಿಗೆ ಪಾಲು ದೊರೆಯುವಂತಾಗಿತ್ತು; ಬ್ರಿಟಿಷ್ ಇಂಡಿಯಾಕ್ಕಿಂತ ಈ ವಿಷಯದಲ್ಲಿ ಸಂಸ್ಥಾನ ಮುಂದಿತ್ತು. ಆ ಕಾರಣಕ್ಕೆ ಹಳೆಯ ಮೈಸೂರಿನ ಪತ್ರಗಳಲ್ಲಿ ಮಕ್ಕಳ ಜೊತೆ ತಾಯಿಯ ಸಹಿಯನ್ನೂ ಕೇಳಿ ಹಾಕಿಸಿಕೊಳ್ಳುವುದು ರೂಢಿಯಾಯಿತು. 1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂದ ಮೇಲೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳ ಜೊತೆ ಹೆಣ್ಣುಮಕ್ಕಳೂ ಸಮಾನ ವಾರಸುದಾರರು. ನಿಮ್ಮ ಪತ್ರದಲ್ಲಿ ಹೆಣ್ಣುಮಕ್ಕಳ ಸಹಿ ಇಲ್ಲ. ಅಂದರೆ ಆ ಯಜಮಾನರು 1956ರ ಜೂನ್‌ಗೆ ಮುಂಚೆ ತೀರಿಕೊಂಡಿರಬೇಕು, ಅಥವಾ ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಪತ್ರದಲ್ಲಿ ವಿಧವೆಯ ಹೆಸರಿನ ಮುಂದೆ ‘ಕೋಂ ಲೇಟ್’ ಎಂದು ಗಂಡನ ಹೆಸರೂ, ಮಕ್ಕಳ ಹೆಸರಿನ ಮುಂದೆ ‘ಬಿನ್ ಲೇಟ್’ ಎಂದು ಅದೇ ಹೆಸರೂ ಇರುವುದರಿಂದ ಹರಾಜಿನಲ್ಲಿ ಕೊಂಡವರ ಪೂರ್ಣ ಹೆಸರು ನಿಮ್ಮ ಕೈಯಲ್ಲೇ ಇದೆ. ಮಹಡಿಯನ್ನು ಕಟ್ಟಿಸಿದವರು ಇವರೇ ಎಂದು ನನ್ನ ಅಂದಾಜು. ಬಾಲ್ಕನಿಯ ಶೈಲಿ 1934ರ ನಂತರದ ವರ್ಷಗಳಿಗೆ ಹೊಂದುತ್ತದೆ, 1958ರ ಷೆಡ್ಯೂಲಿನಲ್ಲಿ ‘ಮೇಲೆ ಎರಡು ಕೋಣೆ’ ಎಂದೂ ಇದೆ.

ನಿವೇಶನದ ಮೊದಲ ಮಂಜೂರಾತಿಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಅಲೆಯಬೇಡಿ. ಪ್ರಾಧಿಕಾರ ಹುಟ್ಟಿದ್ದು 1976ರಲ್ಲಿ, ಅದರ ಹಿಂದಿದ್ದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು 1945ರಲ್ಲಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ಅದಕ್ಕೆ ಎಷ್ಟೋ ಮುಂಚೆ ಸಂಸ್ಥಾನದ ಸರ್ಕಾರ ಮತ್ತು ಸಿಟಿ ಮುನಿಸಿಪಾಲಿಟಿಯ ಮೂಲಕ ಆದವು. ಆ ಕಾಲದ ಸರ್ಕಾರಿ ನಡಾವಳಿಗಳನ್ನು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಅಲ್ಲಿ ಬಡಾವಣೆಯ ರಚನೆ, ರಸ್ತೆ, ನೀರು, ಭೂಸ್ವಾಧೀನದ ವಿಷಯಕ್ಕೆ ಕಡತಗಳು ದೊರೆಯುತ್ತವೆ; ಒಂದೊಂದು ನಿವೇಶನದ ಚರಿತ್ರೆ ಹೊರಡುವುದು ಅಪರೂಪ. ದಂಡು ಪ್ರದೇಶದಲ್ಲಿ ಮನೆಯಿರುವ ಓದುಗರಿಗೆ ದಾರಿ ಬೇರೆ. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಆ ಭಾಗ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ ಉಳಿದು 1947ರಲ್ಲಷ್ಟೇ ಮೈಸೂರಿಗೆ ಮರಳಿತು, ಆದ್ದರಿಂದ ಅಲ್ಲಿಯ ದಾಖಲೆಗಳ ಸರಣಿಯೇ ಪ್ರತ್ಯೇಕ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು ಈ ವಿಷಯದಲ್ಲಿ ಅದೃಷ್ಟವಂತರು. ಮುಂಬಯಿ ಪ್ರಾಂತದ ಸಿಟಿ ಸರ್ವೆಯಿಂದಾಗಿ ಅಲ್ಲಿ ಸಿ.ಟಿ.ಎಸ್. ನಂಬರು ಮತ್ತು ಪ್ರಾಪರ್ಟಿ ಕಾರ್ಡು ಇವೆ, ಮಾಲೀಕರ ಹೆಸರುಗಳು ಒಂದರ ಕೆಳಗೊಂದು ಒಂದೇ ಕಾರ್ಡಿನಲ್ಲಿ ಕಾಣುತ್ತವೆ.

ದಿವಾನರ ಕಥೆಯನ್ನು ಏನು ಮಾಡಬೇಕು? ಪರಿಧಾವಿ ಸಂವತ್ಸರದಲ್ಲಿ ಮೈಸೂರಿಗೆ ಇಬ್ಬರು ದಿವಾನರಿದ್ದರು: 1912ರ ನವೆಂಬರ್‌ವರೆಗೆ ಟಿ. ಆನಂದರಾಯರು, ಅಲ್ಲಿಂದ ಮುಂದೆ ಎಂ. ವಿಶ್ವೇಶ್ವರಯ್ಯನವರು. ಇವರಲ್ಲಿ ಯಾರಾದರೂ ಬಸವನಗುಡಿಯಲ್ಲಿ ಎರಡು ಕೋಣೆ, ನಡುಮನೆಯ ಮನೆ ಕಟ್ಟಿಸಿದರೆಂಬುದಕ್ಕೆ ನೀವು ಕಳಿಸಿದ ಕಾಗದಗಳಲ್ಲಿ ಯಾವ ಆಧಾರವೂ ಇಲ್ಲ, ಮನೆಯ ಗಾತ್ರವೂ ಅದನ್ನು ಸೂಚಿಸುವುದಿಲ್ಲ. ಇಂಥ ಕಥೆಗಳು ಬೆಳೆಯುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ. ‘ದಿವಾನ್ ಬಹದ್ದೂರ್’ ಎಂಬುದು ಬ್ರಿಟಿಷ್ ಸರ್ಕಾರ ಕೊಡುತ್ತಿದ್ದ ಬಿರುದು. ಮೈಸೂರಿನ ದಿವಾನಗಿರಿಯ ಹತ್ತಿರವೂ ಸುಳಿಯದ ಎಷ್ಟೋ ಅಧಿಕಾರಿಗಳು, ನ್ಯಾಯಾಧೀಶರು ಅದನ್ನು ಹೊತ್ತಿದ್ದರು, ಬೀದಿಯ ಬಾಯಲ್ಲಿ ಅವರೆಲ್ಲ ‘ದಿವಾನರು’. ಇನ್ನೊಂದು, ದಿವಾನ್ ಕಚೇರಿಯ ಗುಮಾಸ್ತರೋ ಸಿರಸ್ತೆದಾರರೋ ಕಟ್ಟಿಸಿದ ಮನೆ ಎರಡು ತಲೆಮಾರಿನಲ್ಲಿ ದಿವಾನರದೇ ಆಗಿಬಿಡುವುದು. ಮೂರನೆಯದು ಬಾಡಿಗೆ: ದೊಡ್ಡ ಅಧಿಕಾರಿ ಒಂದೆರಡು ವರ್ಷ ಬಾಡಿಗೆಗಿದ್ದರೆ ಸಾಕು, ಕಟ್ಟಿಸಿದವರ ಹೆಸರು ಮರೆತುಹೋಗಿ ಬಾಡ್ಗೆದಾರರ ಹೆಸರು ನಿಲ್ಲುತ್ತದೆ.

ಹೆಸರು ಮತ್ತು ಒಡೆತನ ಹೇಗೆ ಬೇರೆಬೇರೆ ದಾರಿ ಹಿಡಿಯುತ್ತವೆ ಎಂಬುದಕ್ಕೆ ಬೆಂಗಳೂರಿನಲ್ಲೇ ಎಲ್ಲರೂ ಹೋಗಿ ನೋಡಬಹುದಾದ ಒಂದು ಮನೆಯಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಮೈಸೂರಿನ ಯುವರಾಜರ ಕೈಯಲ್ಲಿದ್ದು, ಅವರಿಂದ ಗಣಿ ಉದ್ಯಮಿ ಮಾಣಿಕ್ಯವೇಲು ಮುದಲಿಯಾರರು ಅದನ್ನು ಕೊಂಡರು. ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿಗಳಿಂದ ಬಂದ ಸಂಪತ್ತು ಅವರದು. ಮುಂದೆ ಅದು ಆ ಕುಟುಂಬದ ಕೈತಪ್ಪಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿಗೆ, ಅಲ್ಲಿಂದ 1960ರ ದಶಕದಲ್ಲಿ ಗೃಹಮಂಡಳಿಗೆ ಹೋಯಿತು, ಕಚೇರಿಗಳ ನೆಲೆಯಾಯಿತು. 2000ದಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ ಅದನ್ನು ಗುತ್ತಿಗೆಗೆ ಪಡೆದು, 2009ರಲ್ಲಿ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು. ರಾಜಮನೆತನದ ಹೆಸರು ಅದಕ್ಕೆ ಅಂಟಲಿಲ್ಲ, ಬೋರ್ಡಿನ ಹೆಸರೂ ಅಂಟಲಿಲ್ಲ, ನಡುವಿನ ಒಬ್ಬ ಖಾಸಗಿ ಮಾಲೀಕರ ಹೆಸರು ಉಳಿಯಿತು. ಯಾವ ಹೆಸರು ಉಳಿಯುತ್ತದೆ ಎಂಬುದನ್ನು ದಾಖಲೆ ತೀರ್ಮಾನಿಸುವುದಿಲ್ಲ. ಆದ್ದರಿಂದ ಹೆಸರಿನಿಂದ ಹೊರಟು ದಾಖಲೆಯನ್ನು ಊಹಿಸುವುದೂ ಸಲ್ಲದು. ನಿಮ್ಮ ಫಲಕದಲ್ಲಿ ಸದ್ಯಕ್ಕೆ ‘ಪರಿಧಾವಿ ಸಂವತ್ಸರ, 1912–13’ ಎಂದಷ್ಟೇ ಬರೆಸಬಹುದು, ಕಟ್ಟಿಸಿದವರ ಹೆಸರಿಗೆ ಜಾಗ ಬಿಟ್ಟಿರಿ.

ಋಣಭಾರ ಪತ್ರದ ಮಿತಿಯನ್ನೂ ಹೇಳಬೇಕು. ಅದರಲ್ಲಿ ಬರುವುದು 1ನೇ ಪುಸ್ತಕಕ್ಕೆ ಸೇರಿದ ವ್ಯವಹಾರಗಳು ಮಾತ್ರ. ತಂದೆ ತೀರಿಕೊಂಡು ಮಗನಿಗೆ ಮನೆ ಬಂದದ್ದು, ನೋಂದಾಯಿಸದ ಪಾಲುಪಟ್ಟಿ, ಉಯಿಲು ಇವು ಅದರಲ್ಲಿ ಕಾಣುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಋಣಭಾರ ಪತ್ರ ಮೌನವಾಗಿದ್ದರೆ ಮಾಲೀಕರು ಬದಲಾಗಿಲ್ಲವೆಂದು ತಿಳಿಯಬಾರದು. ಒಂದೇ ಕುಟುಂಬದೊಳಗೆ ಎರಡು ತಲೆಮಾರು ದಾಟಿರಬಹುದು. ಆ ಮೌನವನ್ನು ತುಂಬುವುದು ಖಾತೆಯ ರಿಜಿಸ್ಟರು, ಕಂದಾಯದ ರಸೀದಿಗಳು. ಆದರೆ ಖಾತೆ ಕಂದಾಯ ವಸೂಲಿಗಾಗಿ ಇರುವ ದಾಖಲೆ, ಒಡೆತನದ ಪುರಾವೆಯಲ್ಲ. ಅವಿಭಕ್ತ ಕುಟುಂಬವಾದರೆ ಅಲ್ಲಿರುವುದು ಯಜಮಾನರೊಬ್ಬರ ಹೆಸರು, ಹಿಂದಿದ್ದ ಪಾಲುದಾರರು ಕಾಣುವುದಿಲ್ಲ.

ಈ ಮಾತು ನಿಮ್ಮ ಕುಟುಂಬಕ್ಕೂ ಅನ್ವಯಿಸುತ್ತದೆ, ಮತ್ತು ನೀವು ಕೇಳದಿದ್ದರೂ ಇದನ್ನು ಹೇಳದೆ ಬಿಡಲಾರೆ. 1912ರಿಂದ 1958ರವರೆಗಿನ ಕೊಂಡಿಗಳಿಗಿಂತ 1958ರ ಈಚೆಗಿನದು ಹೆಚ್ಚು ಸಡಿಲವಾಗಿದೆ. ನಿಮ್ಮ ತಾತನವರಿಗೆ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಂದು ಬರೆದಿದ್ದೀರಿ. ಮನೆ ಅವರ ಸ್ವಯಾರ್ಜಿತ, ಅವರು ತೀರಿಕೊಂಡದ್ದು 1956ರ ಕಾಯ್ದೆಯ ನಂತರ, ಉಯಿಲು ಸಿಕ್ಕಿಲ್ಲ. ಹಾಗಿದ್ದರೆ ನಿಮ್ಮ ಸೋದರತ್ತೆಯರಿಬ್ಬರೂ ಪಾಲುದಾರರೇ. ಅವರು ಪಾಲು ಬಿಟ್ಟುಕೊಟ್ಟ ಹಕ್ಕು ಖುಲಾಸೆ ಪತ್ರವಾಗಲಿ ವಿಭಾಗಪತ್ರವಾಗಲಿ ನೀವು ಕಳಿಸಿದ ಕಟ್ಟಿನಲ್ಲಿ ಇಲ್ಲ. ನೋಂದಣಿ ಕಚೇರಿಗೆ 1934ರ ಪ್ರಮಾಣಪತ್ರಕ್ಕಾಗಿ ಹೋದಾಗಲೇ ನಿಮ್ಮ ತಾತನ ಹೆಸರಿನಲ್ಲಿ 3ನೇ ಪುಸ್ತಕದ ಸೂಚಿಯನ್ನೂ ನೋಡಲು ಅರ್ಜಿ ಕೊಡಿ. ಅವರ ಮರಣ ಪ್ರಮಾಣಪತ್ರದ ನಕಲು ಜೊತೆಗಿರಲಿ. ಉಯಿಲು ಇಲ್ಲವೆಂದು ಖಚಿತವಾದರೆ, ಪಾಲುದಾರರೆಲ್ಲರ ಒಪ್ಪಿಗೆ ಪಡೆದು, ವಂಶವೃಕ್ಷ ಮಾಡಿಸಿ ಖಾತೆಯನ್ನು ಅವರೆಲ್ಲರ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಿ. ಇಬ್ಬರು ಅತ್ತೆಯರಲ್ಲಿ ಹಿರಿಯವರು 1958ರಲ್ಲಿ ಹನ್ನೆರಡು ವರ್ಷದವರಾಗಿದ್ದರು ಎಂದು ತಿಳಿಸಿದ್ದೀರಿ. ಮಹಡಿ ಆಗ ಹೇಗಿತ್ತು, ಮಾರಿದವರು ಮನೆ ಬಿಟ್ಟು ಎಲ್ಲಿಗೆ ಹೋದರು, ದಕ್ಷಿಣದ ಖಾಲಿ ನಿವೇಶನದಲ್ಲಿ ಮನೆ ಎದ್ದದ್ದು ಯಾವಾಗ ಎಂಬುದನ್ನು ಅವರಿಂದ ಕೇಳಿ, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ. ಸಹಿಯ ವಿಷಯವನ್ನು ಅದಾದ ಮೇಲೆ ಬೇರೆ ದಿನ ಎತ್ತುವುದು ಒಳ್ಳೆಯದು.